ಇಷ್ಟೊಂದು ಅಪವಾದ ಇದ್ದಮೇಲೆ ಅದನ್ನು ನಿಯಮ ಅಂತ ಯಾಕೆ ಕರೆಯಬೇಕು?

ಪ್ರಶ್ನೆ:

“ನನ್ನ ಮಗಳು ಈ ವರ್ಷ ಮೊದಲ ಪಿಯುಸಿ ಸೇರಿದ್ದಾಳೆ, ಪಿಸಿಎಂಬಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಈಗ ಕೆಮಿಸ್ಟ್ರಿಯಲ್ಲಿ ಆವರ್ತ ಕೋಷ್ಟಕದ ಪಾಠ ನಡೀತಿದೆ. ಎಡದಿಂದ ಬಲಕ್ಕೆ ಹೋದಹಾಗೆ ಪರಮಾಣುವಿನ ಗಾತ್ರ ಕಡಿಮೆಯಾಗುತ್ತೆ, ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಜಾಸ್ತಿಯಾಗುತ್ತೆ, ಮೇಲಿಂದ ಕೆಳಕ್ಕೆ ಇದರ ಉಲ್ಟಾ ಅಂತ ಮೊದಲು ಹೇಳಿಕೊಟ್ಟರು. ಮರುದಿನವೇ ಅಪವಾದಗಳ ಉದ್ದ ಪಟ್ಟಿ ಬರೆಸಿದರು. ಅಯಾನೀಕರಣ ಶಕ್ತಿಯಲ್ಲಿ ಬೋರಾನ್ ಬೆರಿಲಿಯಂಗಿಂತ ಕಡಿಮೆ, ಆಕ್ಸಿಜನ್ ನೈಟ್ರೋಜನ್‌ಗಿಂತ ಕಡಿಮೆ. ಗ್ಯಾಲಿಯಂ ತನ್ನ ಮೇಲಿರುವ ಅಲ್ಯೂಮಿನಿಯಂಗಿಂತ ಚಿಕ್ಕದು. ಎಲೆಕ್ಟ್ರಾನ್ ಸೇರಿಸಿಕೊಳ್ಳುವುದರಲ್ಲಿ ಕ್ಲೋರಿನ್ನೇ ಫ್ಲೋರಿನ್‌ಗಿಂತ ಮುಂದೆ. ಸೋಡಿಯಂ ತ್ರಿಜ್ಯ ಒಂದು ಪುಸ್ತಕದಲ್ಲಿ 186 ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ), ಇನ್ನೊಂದರಲ್ಲಿ 154. ‘ಇಷ್ಟೊಂದು ಅಪವಾದ ಇದ್ದಮೇಲೆ ಅದನ್ನ ನಿಯಮ ಅಂತ ಯಾಕಪ್ಪಾ ಕರೀಬೇಕು?’ ಅಂತ ಕೇಳ್ತಾಳೆ. ಕೋಚಿಂಗ್‌ನವರು ಸುಮ್ನೆ ಬಾಯಿಪಾಠ ಮಾಡು ಅಂತಾರೆ. ನಾನು ಬಿ.ಕಾಂ. ಓದಿದವನು. ಬಾಯಿಪಾಠ ಮಾಡಿಸಿದರೆ ಸಾಕಾ? ಇನ್ನೊಂದು ವಿಷಯ. ವಿಡಿಯೊ ನೋಡಿ, ಸೋಡಿಯಂ ತುಂಡು ತರಿಸಿಕೊಡು, ನೀರಿಗೆ ಹಾಕಿ ನೋಡ್ತೀನಿ ಅಂತ ಹಟ ಹಿಡಿದಿದ್ದಾಳೆ. ತರಿಸಿಕೊಡಬಹುದಾ?”
— ಒಬ್ಬ ಓದುಗರು, ಅರಸೀಕೆರೆ

ಉತ್ತರ:

ಮೊದಲಿಗೆ ಕೊನೆಯ ಪ್ರಶ್ನೆಗೆ ಉತ್ತರ: ಸೋಡಿಯಂ ತರಿಸಿಕೊಡಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದರ ಬದಲು ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪ್ರಯೋಗವನ್ನೂ ಕೊಡುತ್ತೇನೆ.

ಇನ್ನು ನಿಮ್ಮ ಮಗಳ ಪ್ರಶ್ನೆ. ಪಿಯು ತರಗತಿಗಳಿಗೆ ಬಹಳ ಕಾಲದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಈ ಪಾಠ ಬಂದಾಗ ಹೆಚ್ಚಿನ ಮಕ್ಕಳು ಪಟ್ಟಿ ಬರೆದುಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಮಗಳು ಸುಮ್ಮನಾಗದೆ ಕೇಳಿದ್ದಾಳೆ. ಆ ಕೇಳುವ ಬುದ್ಧಿಯನ್ನು ಬಾಯಿಪಾಠದ ಹೆಸರಲ್ಲಿ ಅದುಮಿಬಿಟ್ಟರೆ ಮುಂದೆ ಎರಡು ವರ್ಷ ಕೆಮಿಸ್ಟ್ರಿ ಅವಳಿಗೆ ಹೊರೆಯಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಅವಳ ಜೊತೆ ಕೂತು ಓದಿ.

“ಎಡದಿಂದ ಬಲಕ್ಕೆ ಗಾತ್ರ ಕಡಿಮೆ” ಅನ್ನುವುದು ನಿಜವಾಗಿ ನಿಯಮ ಅಲ್ಲ. ಅದು ಒಂದು ಫಲಿತಾಂಶ. ನಿಯಮ ಇರುವುದು ಅದರ ಹಿಂದೆ. ಧನ ವಿದ್ಯುದಂಶ ಇರುವ ನ್ಯೂಕ್ಲಿಯಸ್, ಋಣ ವಿದ್ಯುದಂಶ ಇರುವ ಎಲೆಕ್ಟ್ರಾನನ್ನು ಎಳೆಯುತ್ತದೆ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ದೂರ ಜಾಸ್ತಿಯಾದಷ್ಟೂ ಎಳೆತ ಕಡಿಮೆ. ಪಟ್ಟಿಯಲ್ಲಿರುವ “ನಿಯಮ”ಗಳೂ ಅಪವಾದಗಳೂ ಎರಡೂ ಇದರಿಂದಲೇ ಹುಟ್ಟುತ್ತವೆ. ಗ್ಯಾಲಿಯಂ ಯಾವ ನಿಯಮವನ್ನೂ ಮುರಿದಿಲ್ಲ. ನಮ್ಮ ಒಂದು ಸಾಲಿನ ಸಾರಾಂಶಕ್ಕೆ ಅದು ಹೊಂದಲಿಲ್ಲ, ಅಷ್ಟೇ.

ಚಳಿಗಾಲದ ಬೆಳಿಗ್ಗೆ ಬೆಂಕಿ ಹಾಕಿಕೊಂಡು ಸುತ್ತ ಕೂರುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಒಳಸುತ್ತಿನಲ್ಲಿ ಕೂತವರಿಗೆ ಶಾಖ ಚೆನ್ನಾಗಿ ಸಿಗುತ್ತದೆ. ಹೊರಸುತ್ತಿನವರಿಗೆ ಒಳಗಿನವರ ಬೆನ್ನು ಅಡ್ಡ. ಪಕ್ಕದಲ್ಲಿ ಕೂತವರು ಮಾತ್ರ ಅಷ್ಟೇನೂ ಅಡ್ಡಬರುವುದಿಲ್ಲ. ಪರಮಾಣುವಿನಲ್ಲೂ ಹೀಗೇ. ಹೊರಗಿನ ಎಲೆಕ್ಟ್ರಾನ್‌ಗೆ ನ್ಯೂಕ್ಲಿಯಸ್‌ನ ಎಳೆತ ಪೂರ್ತಿ ತಲುಪುವುದಿಲ್ಲ. ಒಳ ಕವಚದ, ಅಂದರೆ ಒಳಸುತ್ತಿನ, ಎಲೆಕ್ಟ್ರಾನ್‌ಗಳು ಬಹುಪಾಲು ಮರೆ ಮಾಡುತ್ತವೆ, ಅದೇ ಕವಚದವು ಸ್ವಲ್ಪ ಮಾತ್ರ.

ಈ ಮರೆಯನ್ನು ಅಂಕಿಯಲ್ಲಿ ಹಿಡಿಯಲು ಜಾನ್ ಸ್ಲೇಟರ್ ಎಂಬ ಭೌತವಿಜ್ಞಾನಿ 1930ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ. ಅದೇ ಕವಚದ ಪ್ರತಿ ಎಲೆಕ್ಟ್ರಾನ್ 0.35ರಷ್ಟು ಮರೆ ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಅದರ ಒಳಗಿನ ಕವಚದ್ದು 0.85. ಇನ್ನೂ ಒಳಗಿನದ್ದು ಪೂರ್ತಿ 1. ಈಗ ಮಗಳ ಕೈಗೆ ಪೆನ್ಸಿಲ್ ಕೊಡಿ. ಲಿಥಿಯಂಗೆ 3 ಪ್ರೋಟಾನ್, ಒಳಗೆ ಎರಡು ಎಲೆಕ್ಟ್ರಾನ್. 3ರಲ್ಲಿ 1.70 ಕಳೆದರೆ 1.30. ಹೊರಗಿನ ಎಲೆಕ್ಟ್ರಾನ್‌ಗೆ ತಟ್ಟುವ ಎಳೆತ ಇಷ್ಟು. ಅದೇ ಸಾಲಿನ ಫ್ಲೋರಿನ್‌ಗೆ 9 ಪ್ರೋಟಾನ್, ಒಳಗೆ ಎರಡು, ಜೊತೆಯಲ್ಲಿ ಆರು. 9ರಲ್ಲಿ 1.70 ಮತ್ತು 2.10 ಕಳೆದರೆ 5.20. ಲಿಥಿಯಂನಿಂದ ಫ್ಲೋರಿನ್‌ಗೆ ಬರುವಾಗ ಎಲೆಕ್ಟ್ರಾನ್ ಜಾಸ್ತಿಯಾದವು, ಆದರೆ ಅವೆಲ್ಲ ಒಂದೇ ಕವಚದಲ್ಲಿ ಕೂತವು. ಎಳೆತ ನಾಲ್ಕು ಪಟ್ಟಾಯಿತು. ಪರಮಾಣು ಕುಗ್ಗಿತು. ಬಲಕ್ಕೆ ಹೋದಂತೆ ಗಾತ್ರ ಕಡಿಮೆಯಾಗುವುದು ಇದರಿಂದ.

ಕೆಳಗೆ ಹೋದಾಗ? ಸೋಡಿಯಂಗೆ ಇದೇ ಲೆಕ್ಕ ಹಾಕಿದರೆ 2.20 ಬರುತ್ತದೆ. ಪೊಟ್ಯಾಸಿಯಂಗೂ 2.20. ಪ್ರೋಟಾನ್ 11ರಿಂದ 19ಕ್ಕೆ ಏರಿದರೂ ಕೊನೆಯ ಎಲೆಕ್ಟ್ರಾನ್‌ಗೆ ತಟ್ಟುವ ಎಳೆತ ಬದಲಾಗಲಿಲ್ಲ. ಆದರೆ ಅದು ಈಗ ಒಂದು ಕವಚ ಹೊರಗಿದೆ, ದೂರ ಜಾಸ್ತಿ. ಅದಕ್ಕೇ ಕಿತ್ತುಕೊಳ್ಳುವುದು ಸುಲಭ. ಸೋಡಿಯಂನ ಮೊದಲ ಅಯಾನೀಕರಣ ಶಕ್ತಿ ಮೋಲ್‌ಗೆ 496 ಕಿಲೋಜೂಲ್, ಪೊಟ್ಯಾಸಿಯಂನದು 419, ಸೀಸಿಯಂನದು 376.

ಇದೇ ಲೆಕ್ಕದಲ್ಲಿ ಗ್ಯಾಲಿಯಂ ನೋಡಿ. ಅಲ್ಯೂಮಿನಿಯಂಗೆ 13 ಪ್ರೋಟಾನ್. ಲೆಕ್ಕ ಹಾಕಿದರೆ ಎಳೆತ 3.50. ಅದರ ಕೆಳಗಿನ ಗ್ಯಾಲಿಯಂಗೆ 31 ಪ್ರೋಟಾನ್, ಎಳೆತ 5.00. ಸೋಡಿಯಂ ಮತ್ತು ಪೊಟ್ಯಾಸಿಯಂ ಜೋಡಿಯಲ್ಲಿ ಸಮ ಇತ್ತು, ಇಲ್ಲಿ ಒಂದೂವರೆ ಜಾಸ್ತಿ. ಕಾರಣ, ಅಲ್ಯೂಮಿನಿಯಂನಿಂದ ಗ್ಯಾಲಿಯಂಗೆ ಬರುವ ದಾರಿಯಲ್ಲಿ ಸ್ಕ್ಯಾಂಡಿಯಂನಿಂದ ಸತುವಿನವರೆಗೆ ಹತ್ತು ಧಾತುಗಳಿವೆ. ಅಂದರೆ ಹತ್ತು ಪ್ರೋಟಾನ್ ಜಾಸ್ತಿಯಾದವು, ಹತ್ತು 3ಡಿ ಎಲೆಕ್ಟ್ರಾನ್ ಒಳಗೆ ಸೇರಿದವು. (ಕವಚದೊಳಗಿನ ಉಪಕವಚಗಳಿಗೆ ಎಸ್, ಪಿ, ಡಿ, ಎಫ್ ಅಂತ ಹೆಸರು. 3ಡಿ ಅಂದರೆ ಮೂರನೇ ಕವಚದ ಡಿ.) ಡಿ ಎಲೆಕ್ಟ್ರಾನ್‌ಗಳು ಮರೆ ಮಾಡುವುದರಲ್ಲಿ ಹಿಂದೆ. ಸೇರಿದ ಪ್ರೋಟಾನ್‌ಗಳ ಎಳೆತ ಪೂರ್ತಿ ಮುಚ್ಚಿಹೋಗಲಿಲ್ಲ. ಹಾಗಾಗಿ ಒಂದು ಕವಚ ಜಾಸ್ತಿ ಇದ್ದರೂ ಗ್ಯಾಲಿಯಂ ಉಬ್ಬಲಿಲ್ಲ. ಅಲ್ಯೂಮಿನಿಯಂ ತ್ರಿಜ್ಯ 143 ಪಿಕೋಮೀಟರ್, ಗ್ಯಾಲಿಯಂನದು 135. ಮಗಳ ಪಟ್ಟಿಯಲ್ಲಿ ಅಪವಾದ ಅಂತ ಬರೆದಿದ್ದನ್ನು ನಾವು ಈಗ ನಿಯಮದಿಂದಲೇ ಲೆಕ್ಕ ಹಾಕಿ ತಂದೆವು, ಅಲ್ವಾ?

ಇದೇ ಕಥೆ ಕೆಳಗಿನ ಸಾಲಿನಲ್ಲಿ ಇನ್ನೂ ಜೋರಾಗಿ ನಡೆಯುತ್ತದೆ. ಜಿರ್ಕೋನಿಯಂ 160 ಪಿಕೋಮೀಟರ್, ಅದರ ಕೆಳಗಿನ ಹಾಫ್ನಿಯಂ 159. ನಡುವೆ ಲ್ಯಾಂಥನೈಡ್‌ಗಳ (ಕೋಷ್ಟಕದ ಕೆಳಗೆ ಬೇರೆಯಾಗಿ ಬರೆಯುವ ಧಾತುಗಳ ಸಾಲು) ಹದಿನಾಲ್ಕು 4ಎಫ್ ಎಲೆಕ್ಟ್ರಾನ್‌ಗಳು ಸೇರಿವೆ. ಅವುಗಳ ಮರೆ ಡಿಗಿಂತಲೂ ತೆಳು. ಗಾತ್ರ ಒಂದೇ, ನಡತೆ ಒಂದೇ ಆದ್ದರಿಂದ ಹಾಫ್ನಿಯಂ ಜಿರ್ಕೋನಿಯಂ ಅದಿರಿನೊಳಗೇ ಅಡಗಿ ಕೂತಿತ್ತು. 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಎಕ್ಸ್-ರೇ ಮೂಲಕ ಅದನ್ನು ಪತ್ತೆ ಮಾಡಿದರು. ಇದು ಪುಸ್ತಕದ ಮಾತು ಮಾತ್ರ ಅಲ್ಲ. ನಮ್ಮ ಕೈಗಾ ಅಣುಸ್ಥಾವರದಲ್ಲಿ ಯುರೇನಿಯಂ ಇಂಧನ ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು, ಯಾಕೆಂದರೆ ಜಿರ್ಕೋನಿಯಂ ನ್ಯೂಟ್ರಾನ್‌ಗಳನ್ನು ಬಹುತೇಕ ಹಾಗೇ ಬಿಟ್ಟುಬಿಡುತ್ತದೆ. ಹಾಫ್ನಿಯಂ ಅವನ್ನು ನೂರಾರು ಪಟ್ಟು ಜಾಸ್ತಿ ನುಂಗುತ್ತದೆ. ಹಾಗಾಗಿ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ ಈ ಅವಳಿಗಳನ್ನು ಕಷ್ಟಪಟ್ಟು ಬೇರ್ಪಡಿಸಬೇಕು. ಹದಿನಾಲ್ಕು ಎಲೆಕ್ಟ್ರಾನ್‌ಗಳ ತೆಳು ಮರೆಗೆ ಒಂದು ಇಡೀ ಕಾರ್ಖಾನೆಯ ಘಟಕವೇ ಕೆಲಸ ಮಾಡಬೇಕಾಗಿದೆ.

ಈಗ ಬೋರಾನ್ ಮತ್ತು ಆಕ್ಸಿಜನ್ ವಿಷಯಕ್ಕೆ ಬರೋಣ. ಇಲ್ಲಿ ಸ್ಲೇಟರ್ ಲೆಕ್ಕ ಕೈಕೊಡುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಅದರ ಪ್ರಕಾರ ಎಳೆತ ಪ್ರತಿ ಹೆಜ್ಜೆಗೂ 0.65 ಏರುತ್ತಲೇ ಹೋಗುತ್ತದೆ. ಆದರೆ ಅಳತೆ ಮಾಡಿದ ಅಯಾನೀಕರಣ ಶಕ್ತಿ ಬೇರೆಯೇ ಹೇಳುತ್ತದೆ. ಲಿಥಿಯಂನಿಂದ ನಿಯಾನ್‌ವರೆಗೆ ಸಾಲಾಗಿ ಬರೆಯಿರಿ: 520, 899, 801, 1086, 1402, 1314, 1681, 2081.

ಗ್ರಾಫ್ ಹಾಳೆಯಲ್ಲಿ ಇದನ್ನು ಗುರುತು ಹಾಕಲಿ. ಎರಡು ಕಡೆ ಮೆಟ್ಟಿಲು ಕುಸಿಯುತ್ತದೆ. ಮೊದಲ ಕುಸಿತ ಬೋರಾನ್‌ನಲ್ಲಿ. ಬೆರಿಲಿಯಂವರೆಗೆ ಕೊನೆಯ ಎಲೆಕ್ಟ್ರಾನ್ 2ಎಸ್‌ನಲ್ಲಿ ಇತ್ತು. ಬೋರಾನ್‌ನಲ್ಲಿ 2ಪಿಗೆ ಹೋಯಿತು. ಎಸ್ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಹತ್ತಿರಕ್ಕೆ ಇಣುಕುವಷ್ಟು ಪಿ ಎಲೆಕ್ಟ್ರಾನ್ ಇಣುಕುವುದಿಲ್ಲ. ಕವಚ ಒಂದೇ ಆದರೂ ಅದರ ಹಿಡಿತ ಸಡಿಲ. ಅದನ್ನು ತೆಗೆಯಲು ಕಡಿಮೆ ಶಕ್ತಿ ಸಾಕು.

ಎರಡನೆಯದು ಆಕ್ಸಿಜನ್‌ನಲ್ಲಿ. ಕೋಚಿಂಗ್‌ನಲ್ಲಿ ಇದಕ್ಕೆ “ಅರ್ಧ ತುಂಬಿದ ಪಿ ಉಪಕವಚಕ್ಕೆ ವಿಶೇಷ ಸ್ಥಿರತೆ” ಅಂತ ಬರೆಸಿರುತ್ತಾರೆ. ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಬರೆಯಲಿ. ಆದರೆ ಅದು ಹೆಸರು ಇಟ್ಟ ಹಾಗಾಯಿತೇ ಹೊರತು ವಿವರಣೆ ಆಗಲಿಲ್ಲ. ಗ್ರಾಫನ್ನೇ ನೋಡಿ. ಬೋರಾನ್, ಕಾರ್ಬನ್, ನೈಟ್ರೋಜನ್ ಒಂದು ಏರು. ಆಕ್ಸಿಜನ್, ಫ್ಲೋರಿನ್, ನಿಯಾನ್ ಇನ್ನೊಂದು ಏರು. ಎರಡನೇ ಏರು ಮೊದಲಿನದಕ್ಕಿಂತ ಕೆಳಗಿಂದ ಶುರುವಾಗುತ್ತದೆ. ಯಾಕೆ? ಮೊದಲ ಮೂರು ಎಲೆಕ್ಟ್ರಾನ್‌ಗಳಿಗೆ ಮೂರು ಪಿ ಆರ್ಬಿಟಲ್ (ಹೆಚ್ಚೆಂದರೆ ಎರಡು ಎಲೆಕ್ಟ್ರಾನ್ ಹಿಡಿಸುವ ಜಾಗ) ಇದ್ದವು, ಒಂದೊಂದರಲ್ಲಿ ಒಂದೊಂದು. ಆಕ್ಸಿಜನ್‌ನ ನಾಲ್ಕನೆಯದು ಇನ್ನೊಂದರ ಜೊತೆ ಒಂದೇ ಆರ್ಬಿಟಲ್ ಹಂಚಿಕೊಳ್ಳಬೇಕು. ಅಲ್ಲಿ ತಳ್ಳಾಟ ಜಾಸ್ತಿ. ಆ ತಳ್ಳಾಟದ ಬೆಲೆಯೇ ಈ ಕುಸಿತ. ನೈಟ್ರೋಜನ್ ಅಸಾಧಾರಣವಾಗಿ ಗಟ್ಟಿ ಅನ್ನುವುದಕ್ಕಿಂತ ಆಕ್ಸಿಜನ್‌ನ ಒಂದು ಎಲೆಕ್ಟ್ರಾನ್ ಇಕ್ಕಟ್ಟಿನಲ್ಲಿದೆ ಅನ್ನುವುದು ನಿಜಕ್ಕೆ ಹತ್ತಿರ.

ಇದು ಸರಿಯಾದ ಕಾರಣ ಅಂತ ಹೇಗೆ ನಂಬುವುದು? ಕಾರಣ ಸರಿ ಇದ್ದರೆ, ಪರಮಾಣು ದೊಡ್ಡದಾದಂತೆ ಜಾಗ ಜಾಸ್ತಿ ಸಿಕ್ಕಿ ತಳ್ಳಾಟ ಕಡಿಮೆಯಾಗಬೇಕು, ಕುಸಿತವೂ ಸಣ್ಣದಾಗಬೇಕು. ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ ಕುಸಿತ 88. ಅದರ ಕೆಳಗೆ ರಂಜಕದಿಂದ ಗಂಧಕಕ್ಕೆ 1012ರಿಂದ 1000, ಅಂದರೆ ಬರೀ 12. ಇನ್ನೂ ಕೆಳಗೆ ಆರ್ಸೆನಿಕ್‌ನಿಂದ ಸೆಲೆನಿಯಂಗೆ 947ರಿಂದ 941, ಬರೀ 6. ಅಪವಾದದೊಳಗೇ ಒಂದು ಕ್ರಮ ಇದೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ. ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಫ್ಲೋರಿನ್‌ನ ಕಥೆಯೂ ಇಕ್ಕಟ್ಟಿನದೇ. ಎಲೆಕ್ಟ್ರಾನ್ ಸೇರಿಸಿಕೊಂಡಾಗ ಫ್ಲೋರಿನ್ 328 ಕಿಲೋಜೂಲ್ ಬಿಡುತ್ತದೆ, ಕ್ಲೋರಿನ್ 349. ಪುಟ್ಟ ಫ್ಲೋರಿನ್‌ನಲ್ಲಿ ಆಗಲೇ ಇರುವ ಎಲೆಕ್ಟ್ರಾನ್‌ಗಳು ಹೊಸದನ್ನು ತಳ್ಳುತ್ತವೆ. ಹಾಗಾದರೆ ಫ್ಲೋರಿನ್ನೇ ಹೆಚ್ಚು ಉಗ್ರ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಫ್ಲೋರಿನ್ ಅಣುವಿನ ಎರಡು ಪರಮಾಣುಗಳ ನಡುವಿನ ಬಂಧ ಬಹಳ ದುರ್ಬಲ, ಮುರಿಯಲು 159 ಕಿಲೋಜೂಲ್ ಸಾಕು. ಕ್ಲೋರಿನ್‌ಗೆ 243 ಬೇಕು. ಮುರಿಯುವುದು ಅಗ್ಗ. ಜೊತೆಗೆ ಫ್ಲೋರಿನ್ ಚಿಕ್ಕದಾದ್ದರಿಂದ ಅದು ಕಟ್ಟುವ ಹೊಸ ಬಂಧಗಳೂ ಗಟ್ಟಿ.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲೇ ತೆಗೆದುಹಾಕಬೇಕು. “ಸೋಡಿಯಂಗೆ ಎಲೆಕ್ಟ್ರಾನ್ ಕೊಡುವ ಆಸೆ, ಕ್ಲೋರಿನ್‌ಗೆ ತೆಗೆದುಕೊಳ್ಳುವ ಆಸೆ, ಹೊರ ಕವಚದಲ್ಲಿ ಎಂಟು ತುಂಬಿದರೆ ಇಬ್ಬರಿಗೂ ಖುಷಿ” ಅಂತ ಹೈಸ್ಕೂಲಿನಲ್ಲಿ ಹೇಳಿರುತ್ತಾರೆ. ಲೆಕ್ಕ ನೋಡಿ. ಸೋಡಿಯಂನಿಂದ ಎಲೆಕ್ಟ್ರಾನ್ ಕೀಳಲು 496 ಖರ್ಚು. ಕ್ಲೋರಿನ್ ತೆಗೆದುಕೊಂಡಾಗ ವಾಪಸ್ 349. ಇನ್ನೂ 147 ನಷ್ಟದಲ್ಲೇ ಇದ್ದೇವೆ. ಈ ನಷ್ಟವನ್ನು ತುಂಬಿ ಲಾಭ ತರುವುದು ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣುಗಳು) ಸಾಲಾಗಿ ಜೋಡಣೆಯಾಗಿ ಉಪ್ಪಿನ ಹರಳು ಆಗುವಾಗ ಬಿಡುಗಡೆಯಾಗುವ ಸುಮಾರು 787 ಕಿಲೋಜೂಲ್. ನೀವು ಬಿ.ಕಾಂ. ಓದಿದವರು, ಈ ಜಮಾ-ಖರ್ಚನ್ನು ಮಗಳಿಗೆ ನೀವೇ ಹೇಳಿಕೊಡಬಹುದು.

ಸೋಡಿಯಂನ ಎರಡು ತ್ರಿಜ್ಯಗಳ ಗೊಂದಲಕ್ಕೆ ಉತ್ತರ ಚಿಕ್ಕದು. ಎರಡೂ ಸರಿ. ಪರಮಾಣುವಿಗೆ ಗಟ್ಟಿ ಅಂಚು ಇಲ್ಲ, ಹಾಗಾಗಿ ಪಕ್ಕದ ಪರಮಾಣುವಿನ ನ್ಯೂಕ್ಲಿಯಸ್‌ವರೆಗಿನ ದೂರ ಅಳೆದು ಅರ್ಧ ಮಾಡುತ್ತಾರೆ. ಸೋಡಿಯಂ ಲೋಹದೊಳಗೆ ಅಳೆದರೆ 186. ಸೋಡಿಯಂ ಆವಿಯಲ್ಲಿ ಕೆಲವು ಪರಮಾಣುಗಳು ಎರಡೆರಡಾಗಿ ಜೋಡಿಯಾಗಿರುತ್ತವೆ, ಅಲ್ಲಿ ಅಳೆದರೆ 154. ಬಂಧವೇ ಇಲ್ಲದೆ ಒಂದಕ್ಕೊಂದು ತಾಗಿ ನಿಂತಾಗ ಇನ್ನೂ ದೊಡ್ಡದು, 227. ಹಾಗಾಗಿ ಹೋಲಿಸುವಾಗ ಒಂದೇ ಬಗೆಯ ಅಳತೆಗಳನ್ನೇ ಹೋಲಿಸಬೇಕು. ಫ್ಲೋರಿನ್‌ಗಿಂತ ನಿಯಾನ್ ಎರಡು ಪಟ್ಟು ದೊಡ್ಡದು ಅನ್ನುವ “ಅಪವಾದ” ಹುಟ್ಟಿದ್ದೇ ಈ ಬೆರಕೆಯಿಂದ. ಫ್ಲೋರಿನ್‌ದು ಬಂಧದೊಳಗಿನ ಅಳತೆ. ನಿಯಾನ್ ಬಂಧ ಕಟ್ಟುವುದೇ ಇಲ್ಲ, ಅದರದು ತಾಗಿ ನಿಂತ ಅಳತೆ. ಈ ಅಪವಾದವನ್ನು ಮಗಳು ಪಟ್ಟಿಯಿಂದ ಹೊಡೆದುಹಾಕಲಿ.

ಇಷ್ಟು ಓದಿದಮೇಲೆ ನಿಮಗೆ ಅನಿಸಬಹುದು, ಕಾರಣ ಗೊತ್ತಿಲ್ಲದೆ ರಷ್ಯಾದ ರಸಾಯನವಿಜ್ಞಾನಿ ಮೆಂಡಲೀವ್ ಆವರ್ತ ಕೋಷ್ಟಕ ಹೇಗೆ ಮಾಡಿದ ಅಂತ. 1869ರಲ್ಲಿ ಅವನು ಕೋಷ್ಟಕ ಪ್ರಕಟಿಸಿದಾಗ ಎಲೆಕ್ಟ್ರಾನ್ ಅಂತ ಒಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ತಿಳಿದಿದ್ದ ಧಾತುಗಳು 63. ಅವನು ಗುಣಗಳ ಕ್ರಮವನ್ನು ಎಷ್ಟು ನಂಬಿದ ಅಂದರೆ ಖಾಲಿ ಮನೆಗಳನ್ನು ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುಗಳ ಗುಣವನ್ನೂ ಬರೆದಿಟ್ಟ. ಅಲ್ಯೂಮಿನಿಯಂ ಕೆಳಗಿನ ಮನೆಯ ಧಾತುವಿನ ಸಾಂದ್ರತೆ 5.9 ಇರುತ್ತದೆ ಅಂದ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೊದ್ರಾನ್ ಆ ಧಾತುವನ್ನು ಕಂಡುಹಿಡಿದು 4.7 ಅಂತ ಅಳೆದರು. ಮಾದರಿಯನ್ನು ಶುದ್ಧ ಮಾಡಿ ಮತ್ತೆ ಅಳೆಯಿರಿ ಅಂತ ಮೆಂಡಲೀವ್ ಹೇಳಿದ. ಅಳೆದಾಗ 5.9 ಬಂತು. ಅದೇ ಗ್ಯಾಲಿಯಂ, ನಿಮ್ಮ ಮಗಳ ಅಪವಾದಗಳ ಪಟ್ಟಿಯಲ್ಲಿರುವ ಗ್ಯಾಲಿಯಂ. (30 ಡಿಗ್ರಿ ಸೆಲ್ಸಿಯಸ್ ದಾಟುವ ಮೊದಲೇ ಕರಗುವ ಲೋಹ ಅದು. ಕಲಬುರಗಿಯ ಬೇಸಿಗೆಯಲ್ಲಿ ಬಾಟಲಿಯೊಳಗೆ ನೀರಾಗಿಯೇ ಇರುತ್ತದೆ.)

ಪರಮಾಣು ತೂಕದ ಪ್ರಕಾರ ಜೋಡಿಸಿದರೆ ಅಯೋಡಿನ್ 126.9, ಟೆಲ್ಯುರಿಯಂ 127.6, ಅಂದರೆ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿ ಮೆಂಡಲೀವ್ ಅದಲುಬದಲು ಮಾಡಿದ. ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ 1913ರಲ್ಲಿ ಎಕ್ಸ್-ರೇ ಬಳಸಿ, ಕ್ರಮ ನಿಲ್ಲುವುದು ತೂಕದ ಮೇಲಲ್ಲ, ನ್ಯೂಕ್ಲಿಯಸ್‌ನ ವಿದ್ಯುದಂಶದ ಮೇಲೆ ಅಂತ ತೋರಿಸಿದಾಗ ಅದು ಸರಿ ಎಂದು ಗೊತ್ತಾಯಿತು.

ಪಟ್ಟಿ ಬಾಯಿಪಾಠಕ್ಕೆ ಮಣಿಯದ ಇನ್ನೊಂದು ಜಾಗ ಇದೆ. ನಿಮ್ಮ ಮನೆಯಲ್ಲೇ ಇರುವ ವಸ್ತು. ಎಲೆ ಅಡಿಕೆಗೆ ಸುಣ್ಣ ಒಂದಿಷ್ಟು ಜಾಸ್ತಿಯಾದರೆ ಬಾಯಿ ಬೇಯುತ್ತದೆ. ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೊಟ್ಟೆಯುರಿಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾ ಮೆಗ್ನೀಷಿಯಂ ಹೈಡ್ರಾಕ್ಸೈಡ್. ಎರಡೂ ಒಂದೇ ಗುಂಪಿನ ಲೋಹಗಳ ಹೈಡ್ರಾಕ್ಸೈಡ್‌ಗಳು. ಒಂದು ಸುಡುತ್ತದೆ, ಇನ್ನೊಂದು ಔಷಧಿ. ವ್ಯತ್ಯಾಸ ಕರಗುವುದರಲ್ಲಿ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಸುಮಾರು 1.7 ಗ್ರಾಂ ಕರಗುತ್ತದೆ, ಮೆಗ್ನೀಷಿಯಂನದು ಗ್ರಾಂನ ನೂರನೇ ಒಂದು ಭಾಗದ ಆಸುಪಾಸು. ಗುಂಪಿನಲ್ಲಿ ಕೆಳಗೆ ಹೋದಂತೆ ಹೈಡ್ರಾಕ್ಸೈಡ್ ಕರಗುವುದು ಜಾಸ್ತಿಯಾಗುತ್ತದೆ, ಬೇರಿಯಂನದು ಚೆನ್ನಾಗಿಯೇ ಕರಗುತ್ತದೆ.

ಸರಿ, ಹಾಗಾದರೆ “ಕೆಳಗೆ ಹೋದಂತೆ ಕರಗುವುದು ಜಾಸ್ತಿ” ಅಂತ ಬರೆದುಕೊಳ್ಳೋಣವಾ? ಬೇಡ. ಸಲ್ಫೇಟ್ ನೋಡಿ. ಮೆಗ್ನೀಷಿಯಂ ಸಲ್ಫೇಟ್, ತೋಟಕ್ಕೆ ಹಾಕುವ ಎಪ್ಸಮ್ ಉಪ್ಪು, ನೀರಿಗೆ ಹಾಕಿದರೆ ಸಲೀಸಾಗಿ ಕರಗುತ್ತದೆ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್, ಸ್ವಲ್ಪವೇ. ಬೇರಿಯಂ ಸಲ್ಫೇಟ್ ಕರಗುವುದೇ ಇಲ್ಲ ಅನ್ನಬಹುದು. ಬೇರಿಯಂ ವಿಷವಾದರೂ ಹೊಟ್ಟೆಯ ಎಕ್ಸ್-ರೇಗೆ ಮೊದಲು ಬೇರಿಯಂ ಸಲ್ಫೇಟ್ ಕುಡಿಸುವ ಧೈರ್ಯ ಇರುವುದು ಅದು ಕರಗದೆ ಹಾಗೇ ಹೊರಗೆ ಹೋಗುತ್ತದೆ ಅಂತ. ಒಂದೇ ಗುಂಪು, ಒಂದೇ ಲೋಹಗಳು, ದಿಕ್ಕು ಮಾತ್ರ ಉಲ್ಟಾ.

ಇಲ್ಲೂ ಎಳೆದಾಟವೇ. ಕರಗಬೇಕಾದರೆ ಹರಳು ಒಡೆಯಲು ಶಕ್ತಿ ಬೇಕು. ಅಯಾನುಗಳನ್ನು ನೀರು ಸುತ್ತುವರಿದಾಗ ಶಕ್ತಿ ವಾಪಸ್ ಸಿಗುತ್ತದೆ. ಲೋಹದ ಅಯಾನು ದೊಡ್ಡದಾದಂತೆ ಎರಡೂ ಕಡಿಮೆಯಾಗುತ್ತವೆ. ಪ್ರಶ್ನೆ ಇರುವುದು ಯಾವುದು ಬೇಗ ಕಡಿಮೆಯಾಗುತ್ತದೆ ಅನ್ನುವುದರಲ್ಲಿ. ಹೈಡ್ರಾಕ್ಸೈಡ್ ಅಯಾನು ಚಿಕ್ಕದು. ಅದರ ಪಕ್ಕದ ಲೋಹ ಸ್ವಲ್ಪ ದೊಡ್ಡದಾದರೂ ಹರಳಿನ ಬಿಗಿ ಬೇಗ ಸಡಿಲವಾಗುತ್ತದೆ, ಕರಗುವುದು ಸುಲಭ. ಸಲ್ಫೇಟ್ ದೊಡ್ಡ ಅಯಾನು. ಅದರ ಹರಳಿನಲ್ಲಿ ಅಯಾನುಗಳ ನಡುವಿನ ದೂರ ಮೊದಲೇ ಜಾಸ್ತಿ, ಲೋಹ ದೊಡ್ಡದಾದರೂ ಬಿಗಿ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ನೀರಿನಿಂದ ಸಿಗುವ ಶಕ್ತಿ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಕರಗುವುದು ಕಷ್ಟ.

ಇದೆಲ್ಲ ಪರೀಕ್ಷೆಗೆ ಮಾತ್ರ ಅಂದುಕೊಳ್ಳಬೇಡಿ. ಪಾವಗಡ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು ಜನರ ಹಲ್ಲು, ಮೂಳೆ ಹಾಳಾಗಿರುವುದು ನಿಮಗೆ ಗೊತ್ತು. ಫ್ಲೋರೈಡ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಹೆಚ್ಚು ಕಮ್ಮಿ ಒಂದೇ ಗಾತ್ರ, ಒಂದೇ ವಿದ್ಯುದಂಶ. ಮೂಳೆಯ ಖನಿಜದಲ್ಲಿ ಹೈಡ್ರಾಕ್ಸೈಡ್ ಇರಬೇಕಾದ ಜಾಗಕ್ಕೆ ಫ್ಲೋರೈಡ್ ಹೋಗಿ ಕೂರುತ್ತದೆ. ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದೇ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ತೊಂದರೆ. ಕ್ಲೋರೈಡ್ ಅದೇ ಗುಂಪಿನದಾದರೂ ಗಾತ್ರ ದೊಡ್ಡದು, ಅಷ್ಟು ಸುಲಭವಾಗಿ ಆ ಜಾಗಕ್ಕೆ ಸೇರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೇಗೆ ಓದಿಸಬೇಕು?

ಬಾಯಿಪಾಠಕ್ಕೆ ನಾನು ವಿರೋಧಿ ಅಲ್ಲ. ಮೊದಲ 30 ಧಾತುಗಳು, ಅವುಗಳ ಜಾಗ, ಎಲೆಕ್ಟ್ರಾನ್ ಜೋಡಣೆ, ಇಷ್ಟು ಬಾಯಿಗೆ ಬರಲೇಬೇಕು. ಅದಿಲ್ಲದೆ ಯೋಚನೆ ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ. ಆದರೆ ಅಪವಾದಗಳ ಪಟ್ಟಿ ಮಾತ್ರ ಬಾಯಿಪಾಠ ಮಾಡಿದರೆ ಅಪಾಯ ಇದೆ. ಸಿಇಟಿ, ನೀಟ್‌ನಲ್ಲಿ ನೇರ ಪ್ರಶ್ನೆ ಬಂದರೆ ಬಚಾವ್. ಸ್ವಲ್ಪ ತಿರುಚಿ ಕೇಳಿದರೆ ಕಷ್ಟ. ಉದಾಹರಣೆಗೆ, ಸೋಡಿಯಂ ಮತ್ತು ಮೆಗ್ನೀಷಿಯಂನಲ್ಲಿ ಎರಡನೇ ಅಯಾನೀಕರಣ ಶಕ್ತಿ ಯಾವುದರದು ಜಾಸ್ತಿ? ಪಟ್ಟಿ ಓದಿದವರು “ಬಲಕ್ಕೆ ಜಾಸ್ತಿ, ಹಾಗಾಗಿ ಮೆಗ್ನೀಷಿಯಂ” ಅನ್ನುತ್ತಾರೆ. ನಿಜವಾಗಿ ಮೆಗ್ನೀಷಿಯಂಗೆ 1451, ಸೋಡಿಯಂಗೆ 4562. ಒಂದು ಎಲೆಕ್ಟ್ರಾನ್ ಹೋದಮೇಲೆ ಸೋಡಿಯಂನಲ್ಲಿ ಉಳಿಯುವುದು ಒಳ ಕವಚ ಮಾತ್ರ. ಅಲ್ಲಿಂದ ಕೀಳುವುದು ಬೇರೆಯದೇ ಕೆಲಸ.

ಕಾರಣದಿಂದ ಓದುವ ದಾರಿಯಲ್ಲೂ ತೊಂದರೆ ಇಲ್ಲ ಅಂತ ಹೇಳಲಾರೆ. ಸಮಯ ಹಿಡಿಯುತ್ತದೆ. ಒಂದೇ ಕಾರಣವನ್ನು ಎಲ್ಲ ಕಡೆ ಹಚ್ಚುವ ಚಟ ಹತ್ತಬಹುದು. ಸ್ಲೇಟರ್ ಲೆಕ್ಕ ಗ್ಯಾಲಿಯಂಗೆ ಕೆಲಸ ಮಾಡಿತು, ಆಕ್ಸಿಜನ್‌ಗೆ ಮಾಡಲಿಲ್ಲ, ನೋಡಿದಿರಲ್ಲ. ಅದಕ್ಕೆ ನಾನು ಮಕ್ಕಳಿಗೆ ಹೇಳುವುದು ಗ್ರಾಫ್ ದಾರಿ. ಮೊದಲು ನಿಜವಾದ ಅಂಕಿ ತೆಗೆದುಕೊಂಡು ಗುರುತು ಹಾಕು. ಎಲ್ಲಿ ಏರಿದೆ, ಎಲ್ಲಿ ಕುಸಿದಿದೆ ಅಂತ ನೀನೇ ಕಂಡುಕೋ. ಆಮೇಲೆ ಎಲೆಕ್ಟ್ರಾನ್ ಜೋಡಣೆ ಬರೆದು ಕಾರಣ ಹುಡುಕು. ಕೊನೆಗೆ ಪಠ್ಯಪುಸ್ತಕದ ವಾಕ್ಯ ಓದು. ಲಿಥಿಯಂನಿಂದ ಆರ್ಗಾನ್‌ವರೆಗೆ ಹೀಗೆ ಮಾಡಿದವರು ಪಟ್ಟಿ ಮರೆತರೂ ಉತ್ತರ ಮತ್ತೆ ಕಟ್ಟಿಕೊಳ್ಳುತ್ತಾರೆ. ಕನ್ನಡ ಮಾಧ್ಯಮದಿಂದ ಬಂದಿದ್ದಾಳೆ ಅಂತ ಹೆದರಬೇಡಿ. ಗ್ರಾಫ್ ಪಕ್ಕದಲ್ಲಿ ಕಾರಣವನ್ನು ಕನ್ನಡದಲ್ಲೇ ಬರೆಯಲಿ, ಇಂಗ್ಲಿಷ್ ಪದಗಳನ್ನು ಅದರ ಪಕ್ಕ ಬರೆದುಕೊಳ್ಳಲಿ.

ಇನ್ನು ಸೋಡಿಯಂ. ಆ ವಿಡಿಯೊಗಳು ಚೆಂದ ಕಾಣುತ್ತವೆ, ಒಪ್ಪುತ್ತೇನೆ. ಸೋಡಿಯಂ ನೀರಿಗೆ ಬಿದ್ದರೆ ಶಾಖ, ಹೈಡ್ರೋಜನ್, ಕಾಸ್ಟಿಕ್ ಸೋಡಾ ಮೂರೂ ಒಟ್ಟಿಗೆ ಹುಟ್ಟುತ್ತವೆ. 98 ಡಿಗ್ರಿಗೆ ಕರಗುವ ಲೋಹ ಅದು, ಕರಗಿ ಉಂಡೆಯಾಗಿ ಓಡಾಡುತ್ತದೆ. ಯಾವ ಕ್ಷಣದಲ್ಲಿ ಸಿಡಿಯುತ್ತದೆ ಅಂತ ಹೇಳಲಾಗುವುದಿಲ್ಲ. ಪ್ರಾಗ್‌ನ ವಿಜ್ಞಾನಿ ಪಾವೆಲ್ ಯುಂಗ್‌ವಿರ್ತ್ ಮತ್ತು ಜೊತೆಗಾರರು ವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು 2015ರಲ್ಲಿ ಪ್ರಕಟಿಸಿದರು. ಸೋಡಿಯಂ-ಪೊಟ್ಯಾಸಿಯಂ ಹನಿ ನೀರನ್ನು ಮುಟ್ಟಿದ ಸೆಕೆಂಡಿನ ಸಾವಿರದ ಒಂದು ಭಾಗದೊಳಗೇ ಮೈತುಂಬಾ ಮುಳ್ಳಿನಂತೆ ಚಾಚಿಕೊಳ್ಳುತ್ತದೆ. ಎಲೆಕ್ಟ್ರಾನ್‌ಗಳು ನೀರಿಗೆ ಓಡಿಹೋಗಿ, ಹಿಂದೆ ಉಳಿದ ಧನ ಅಯಾನುಗಳು ಒಂದನ್ನೊಂದು ತಳ್ಳಿ ಹನಿಯನ್ನೇ ಸೀಳುತ್ತವೆ. ಕಡಿಮೆ ಅಯಾನೀಕರಣ ಶಕ್ತಿ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಆದರೆ ಸಿಡಿದ ಕಾಸ್ಟಿಕ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಮನೆಯಲ್ಲಿ ಬೇಡವೇ ಬೇಡ. ಕಾಲೇಜಿನ ಲ್ಯಾಬ್‌ನಲ್ಲಿ, ಲೆಕ್ಚರರ್ ಅಕ್ಕಿಕಾಳಿನಷ್ಟು ತುಂಡನ್ನು ಗಾಜಿನ ಅಡ್ಡದ ಹಿಂದೆ ಹಾಕಿ ತೋರಿಸಿದರೆ, ಸುರಕ್ಷತಾ ಕನ್ನಡಕ ಹಾಕಿಕೊಂಡು ನೋಡಲಿ.

ಮನೆಯಲ್ಲಿ ಮಾಡಲು ಇದನ್ನು ಕೊಡಿ. ಅರಳಿಸಿದ ಸುಣ್ಣ ಒಂದು ಚಮಚವನ್ನು ಒಂದು ಬಾಟಲಿ ನೀರಿಗೆ ಹಾಕಿ ಕುಲುಕಿ, ಮುಚ್ಚಳ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಗಾಜಿನ ಲೋಟಕ್ಕೆ ಬಗ್ಗಿಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಮೆಗ್ನೀಷಿಯಂ ಸಲ್ಫೇಟನ್ನು ಇನ್ನೊಂದು ಲೋಟದಲ್ಲಿ ಕರಗಿಸಿ. ಎರಡೂ ನೀರಿನಷ್ಟೇ ತಿಳಿ. ಎಪ್ಸಮ್ ನೀರನ್ನು ಸುಣ್ಣದ ತಿಳಿಗೆ ಸ್ವಲ್ಪ ಹಾಕಿದ ತಕ್ಷಣ ಬೆಳ್ಳಗೆ ಮಬ್ಬಾಗುತ್ತದೆ. ಏನು ಗಟ್ಟಿಯಾಗಿ ಬೇರ್ಪಟ್ಟಿತು, ಯಾಕೆ ಅಂತ ಮಗಳನ್ನೇ ಕೇಳಿ. ಮೇಲೆ ಬರೆದ ಕರಗುವಿಕೆಯ ಅಂಕಿಗಳಲ್ಲಿ ಉತ್ತರ ಇದೆ.

ಇದಕ್ಕೂ ಎಚ್ಚರಿಕೆ ಬೇಕು. ಸುಟ್ಟ ಸುಣ್ಣದ ಕಲ್ಲನ್ನು ಅವಳ ಕೈಗೆ ಕೊಡಬೇಡಿ, ನೀರು ಬಿದ್ದಾಗ ಕುದಿಯುತ್ತದೆ. ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಕೂಡಲೇ ನಲ್ಲಿ ಕೆಳಗೆ ಹತ್ತು ಹದಿನೈದು ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಮುಂದಿನ ಹಂತ ಅಂತ ಬೇರಿಯಂ ಕ್ಲೋರೈಡ್ ತರಿಸಿಕೊಡು ಅಂದರೆ ಕೊಡಬೇಡಿ. ಕರಗುವ ಬೇರಿಯಂ ಲವಣಗಳು ವಿಷ. ಅದನ್ನು ಅವಳು ಎರಡನೇ ಪಿಯುಸಿ ಲ್ಯಾಬ್‌ನಲ್ಲಿ, ಸಲ್ಫೇಟ್ ಪರೀಕ್ಷೆ ಮಾಡುವಾಗ, ಹೇಗಿದ್ದರೂ ನೋಡುತ್ತಾಳೆ.